ಅರಿವೆಯಲ್ಲಿ ಒಂದು ಜೀವ

ಕಲ್ಲೋಳಿ
ಗುರುವಾರ, ೨೧ ಅಕ್ಟೋಬರ್ ೧೯೯೯

ವಂದಾಮಿ ಮಾತಾಜಿ,

ತಮ್ಮ ಚರಣಗಳಿಗೆ ಕಲ್ಲೋಳಿಯಿಂದ ಕಮಲವ್ವ ಮಾಡುವ ವಂದನೆಗಳು. ತಮ್ಮ ರತ್ನತ್ರಯ ಕುಶಲವೆಂದು, ಸಂಘದ ಉಳಿದ ಮಾತಾಜಿಯವರೂ ಹುಕ್ಕೇರಿಯಲ್ಲಿ ಚಾತುರ್ಮಾಸವನ್ನು ಸುಖವಾಗಿ ಕಳೆಯುತ್ತಿದ್ದಾರೆಂದು ನಂಬಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಕೈ ಸೋತಿತು. ಬರವಣಿಗೆಯಿಂದ ಅಲ್ಲ, ‘ತಾವು’ ಎಂಬ ಮಾತಿನಿಂದ. ನೀನು ದೀಕ್ಷೆ ತೆಗೆದುಕೊಂಡು ನಾಲ್ಕು ವರ್ಷವಾಯಿತು. ತ್ರಿಶಲಾ ಎಂಬ ಹೆಸರು ಹೋಗಿ ಆರ್ಯಿಕಾ ನಿರ್ಜರಾಮತಿಯಾದೆ. ಊರೆಲ್ಲ ನಿನಗೆ ಕೈ ಮುಗಿಯುತ್ತದೆ, ನಾನೂ ಮುಗಿಯುತ್ತೇನೆ. ಆದರೆ ಹೆತ್ತ ಮಗಳಿಗೆ ಕಾಗದದ ತುಂಬ ತಾವು, ತಮ್ಮ ಎಂದು ಬರೆಯುತ್ತ ಹೋದರೆ ತಹಶೀಲ್ದಾರರಿಗೆ ಅರ್ಜಿ ಬರೆದಂತಾಗುತ್ತದೆ, ಹೇಳಬೇಕಾದದ್ದು ಒಂದೂ ಹೊರಡುವುದಿಲ್ಲ. ಆದ್ದರಿಂದ ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ. ನೀನು ಕಾಗದಪತ್ರ ಇಟ್ಟುಕೊಳ್ಳುವವಳಲ್ಲ, ಸಂಘದ ಸೇವೆಗೆ ನಿಂತಿರುವ ಹುಡುಗಿ ಶುಭಾಂಗಿ ಓದಿ ಹೇಳುತ್ತಾಳೆ ಎಂಬುದು ಗೊತ್ತು. ಶುಭಾಂಗಿ, ಓದುವಾಗ ನೀನೇ ‘ತಾವು’ ಮಾಡಿಕೊಂಡು ಓದು ತಂಗಿ. ದೊಡ್ಡ ಮಾತಾಜಿಯವರು ಹತ್ತಿರ ಕೂತಿದ್ದರೆ ದನಿ ಸ್ವಲ್ಪ ಇಳಿಸು.

ನಿನ್ನ ಕಾಲು ಹೇಗಿದೆ? ದಶಲಕ್ಷಣ ಪರ್ವದಲ್ಲಿ ನಾನು ಅಲ್ಲಿಗೆ ಬಂದಾಗ ನೋಡಿದ್ದೆ, ಹಿಮ್ಮಡಿ ಒಡೆದು ಬಿರುಕಿನಲ್ಲಿ ಮಣ್ಣು ಕೂತಿತ್ತು. ಎಣ್ಣೆ ಹಚ್ಚಿಕೋ ಎಂದು ಹೇಳುವಂತಿಲ್ಲ, ಚಪ್ಪಲಿ ಕೊಡುತ್ತೇನೆ ಎನ್ನುವಂತಿಲ್ಲ. ನಿನ್ನ ತಲೆಯ ಮೇಲೆ ಕೂದಲು ಮತ್ತೆ ಸಣ್ಣಗೆ ಬಂದಿತ್ತು, ಇಷ್ಟರಲ್ಲಿ ಅದನ್ನೂ ಕೈಯಿಂದ ಕಿತ್ತುಕೊಂಡಿರುತ್ತೀ. ಆ ಕೂದಲಿಗೆ ನಾನು ಪ್ರತಿ ರವಿವಾರ ಸೀಗೆಕಾಯಿ ಹಾಕಿ ಉಜ್ಜುತ್ತಿದ್ದಾಗ ಕಣ್ಣಿಗೆ ಹೋಯಿತೆಂದು ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದವಳು ನೀನೇ. ಕೆಮ್ಮು ಇಳಿದಿದೆಯೇ? ದಿನಕ್ಕೆ ಒಂದೇ ಹೊತ್ತು, ಅದೂ ಬೊಗಸೆಯಲ್ಲಿ ಹಿಡಿಸಿದಷ್ಟು ಉಂಡು ಈ ಚಳಿಗೆ ಹೇಗೆ ತಡೆಯುತ್ತೀಯೋ. ಇದೆಲ್ಲ ಮೋಹ ಎಂದು ನೀನು ಅನ್ನುತ್ತೀ. ಹೌದು, ಮೋಹವೇ. ಅದನ್ನು ಬಿಟ್ಟವಳು ನೀನು, ನಾನಲ್ಲ.

ಇಲ್ಲಿ ಎಲ್ಲರೂ ಆರಾಮ. ನಿನ್ನ ತಮ್ಮ ಗೊಮ್ಮಟೇಶ ತುಸು ಸೊರಗಿ ಬಡವಾಗಿದ್ದಾನೆ, ಅದಕ್ಕೆ ಕಾರಣ ಮುಂದೆ ಬರೆಯುತ್ತೇನೆ. ಅವನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಾಳೆ. ಸಂಕ್ರಮಣದ ಹೊತ್ತಿಗೆ ತೊಟ್ಟಿಲು ತೂಗುವ ಕೆಲಸ ನನಗೆ ಬರಬಹುದು. ನಿಮ್ಮಪ್ಪ ಇದ್ದಿದ್ದರೆ ಈಗಲೇ ಬಡಿಗನ ಮನೆಗೆ ನಾಲ್ಕು ಸಲ ಹೋಗಿ ಬರುತ್ತಿದ್ದರು. ಮನೆಯಲ್ಲಿ ಸದ್ಯಕ್ಕೆ ನಾವಿಬ್ಬರೇ, ತಾಯಿ ಮಗ, ಎದುರು ಬದುರು ಕೂತು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸಿ, ಒಬ್ಬರಿಗೊಬ್ಬರು ಮಾತಿಲ್ಲದೆ ಅಂಗಳದಲ್ಲಿ ಕೂರುತ್ತೇವೆ. ಮಾತು ಇಲ್ಲವೆಂದಲ್ಲ. ಇಬ್ಬರ ಬಾಯಲ್ಲೂ ನಿನ್ನ ಹೆಸರೇ ಇರುತ್ತದೆ, ಯಾರು ಮೊದಲು ತೆಗೆಯಬೇಕು ಎಂದು ಕಾಯುತ್ತೇವೆ.

ನಾನು ಬರೆಯಲು ಕೂತದ್ದು ಹಿತ್ತಲ ಬಾವಿಯ ಸಂಗತಿ. ನಿನಗೆ ಆ ಬಾವಿ ನೆನಪಿರದೆ ಹೋಗುವುದು ಸಾಧ್ಯವಿಲ್ಲ. ಬೆಳಿಗ್ಗೆ ಎದ್ದು ನಾನು ನೀರು ಸೇದಿ ಎರಡು ಪದರದ ಅರಿವೆಯಲ್ಲಿ ಸೋಸುತ್ತಿದ್ದೆ. ಅರಿವೆಯಲ್ಲಿ ಉಳಿದ ಹುಳುಹುಪ್ಪಡಿಯನ್ನು ಸೋಸಿದ ನೀರಿನಿಂದಲೇ ಸಣ್ಣ ತಂಬಿಗೆಗೆ ತೊಳೆದು ಹಾಕಿ ನಿಮ್ಮಿಬ್ಬರ ಕೈಗೆ ಕೊಡುತ್ತಿದ್ದೆ. ಯಾವ ನೀರಿನಿಂದ ತೆಗೆದೆವೋ ಅದೇ ನೀರಿಗೆ ಅವನ್ನು ಜೀವಂತ ಮರಳಿಸಬೇಕು, ಬೇರೆ ನೀರಿಗೆ ಹಾಕಿದರೆ ಸಾಯುತ್ತವೆ ಎಂದು ನನ್ನ ಅತ್ತೆ ನನಗೆ ಕಲಿಸಿದ್ದರು, ನಾನು ನಿಮಗೆ ಕಲಿಸಿದೆ. ಗೊಮ್ಮಟೇಶ ಹಗ್ಗ ಹಿಡಿಯುತ್ತಿದ್ದ. ಅವನಿಗೆ ಎಲ್ಲದರಲ್ಲೂ ಅವಸರ, ಮೇಲಿಂದಲೇ ಸುರಿದು ಸಾಲೆಗೆ ಓಡಬೇಕು. ನೀನು ದಂಡೆಯ ಮೇಲೆ ಬೋರಲು ಮಲಗಿ ಕೆಳಗೆ ನೋಡುತ್ತ, ತಂಬಿಗೆ ನೀರು ಮುಟ್ಟುವ ತನಕ, “ನಿಧಾನ ಬಿಡೋ, ಅವಕ್ಕ ಪೆಟ್ಟಾಗ್ತೈತಿ” ಎಂದು ಅವನಿಗೆ ಬೈಯುತ್ತಿದ್ದೆ. ನೀನು ಹೋದ ಮೇಲೆ ಹಗ್ಗ ಹಿಡಿಯುವವಳೂ ನಾನೇ, ನಿಧಾನ ಎನ್ನುವವಳೂ ನಾನೇ.

ನೀನು ಹೋದ ಮರುವರ್ಷ ಗೊಮ್ಮಟೇಶ ನೂಲಿನ ವ್ಯಾಪಾರ ಬೆಳೆಸಬೇಕೆಂದು ಹಿತ್ತಲ ಆಚೆಗಿನ ಜಾಗದಲ್ಲಿ ಸಿಮೆಂಟಿನ ಟಾಕಿ ಕಟ್ಟಿಸಿ ನೂಲು ಬಿಳುಪು ಮಾಡುವ ಕಾರಖಾನೆ ಹಾಕಿದ. ಗಿರಣಿಯಿಂದ ಬರುವ ಕೋರಾ ನೂಲು ಕಂದು ಬಣ್ಣದ್ದಿರುತ್ತದಲ್ಲ, ಅದರ ಸುತ್ತಿದ ಕಟ್ಟುಗಳನ್ನು, ಲಡಿ ಎನ್ನುತ್ತೇವಲ್ಲ ಅವನ್ನು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ನೆನೆಸಿ, ಜಾಲಿಸಿ, ಒಣಗಿಸಿ ಇಚಲಕರಂಜಿಯ ವ್ಯಾಪಾರಿಗೆ ಕಳಿಸುವುದು. ಟಾಕಿಯ ನೀರು ಒಂದು ಕಾಲುವೆಯಲ್ಲಿ ಹರಿದು ಬಾವಿಯ ಬಾಜೂಕ್ಕಿರುವ ತಗ್ಗಿನಲ್ಲಿ ಇಂಗುತ್ತಿತ್ತು. ಬಣ್ಣದ ನೀರಾಗಿದ್ದರೆ ಯಾರಾದರೂ ಜಗಳ ತೆಗೆಯುತ್ತಿದ್ದರು. ಇದು ಬಿಳಿ ನೀರು, ನೋಡಲು ಸುಣ್ಣದ ತಿಳಿಯಂತಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಬಾವಿಯ ನೀರು ಎಷ್ಟು ತಿಳಿಯಾಯಿತೆಂದರೆ ತಳದ ಕಲ್ಲು ಕಾಣುತ್ತಿತ್ತು. ನಾನು ಸೋಸಿ ಅರಿವೆ ಬಿಡಿಸಿ ನೋಡಿದರೆ ಏನೂ ಇಲ್ಲ. ಒಗೆದು ಮಡಿಚಿಟ್ಟ ಹಾಗೆ ಇತ್ತು. ನನಗಾದ ಸಂತೋಷ ನಿನಗೆ ಏನು ಹೇಳಲಿ. ಇಷ್ಟು ವರ್ಷ ಹೆದರಿ ಹೆದರಿ ನೀರು ಮುಟ್ಟಿದೆನಲ್ಲ, ಎಷ್ಟು ಜೀವ ನನ್ನ ಕೈಯಿಂದ ನೊಂದವೋ ಎಂದು ಪ್ರತಿಕ್ರಮಣ ಮಾಡಿ ಕ್ಷಮೆ ಬೇಡಿದೆನಲ್ಲ, ಈಗ ಆ ಹೆದರಿಕೆಯೇ ಇಲ್ಲ ಎಂದುಕೊಂಡೆ. ನಾನೊಬ್ಬಳೇ ಇಟ್ಟುಕೊಳ್ಳಲಿಲ್ಲ, ಬಸದಿಯಲ್ಲಿ ಹೇಳಿದೆ. ಚಾತುರ್ಮಾಸದ ನೇಮ ಹಿಡಿದ ಮನೆಯವರೆಲ್ಲ ತಮ್ಮ ಬಾವಿ ಬಿಟ್ಟು ನಮ್ಮ ಬಾವಿಗೆ ಕೊಡ ತಂದರು. ಜೀವವೇ ಇಲ್ಲದ ನೀರು, ಪಾಪವೇ ತಟ್ಟದ ನೀರು ಎಂದು ಹೊಗಳಿದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾವಿಯ ಯಜಮಾನಿಯಾಗಿ ನಿಂತಿದ್ದೆ. ಊರಿನ ಜೈನರೆಲ್ಲ ಸೇರಿ ಎರಡು ಚಾತುರ್ಮಾಸ ಆ ನೀರು ಕುಡಿದೆವು. ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ ಎಂದು ಎಲ್ಲ ಹೆಂಗಸರೂ ಗೊಣಗಿದರು, ಆದರೆ ತಪ್ಪು ಬೇಳೆಯದು ಎಂದು ಕಿರಾಣಿ ಅಂಗಡಿಯವನಿಗೆ ಬೈದರು.

ಈ ವರ್ಷದ ಬೇಸಿಗೆಯಲ್ಲಿ ಇಚಲಕರಂಜಿಯ ವ್ಯಾಪಾರಿ ಬಂದು, ಪರದೇಶದ ಗಿರಾಕಿಗಳು ಈಗ ಪರಿಸರಕ್ಕೆ ಕೇಡಿಲ್ಲದ ಮಾಲನ್ನೇ ಕೇಳುತ್ತಾರೆ, ನಿಮ್ಮ ನೂಲಿಗೂ ಹಾಗೊಂದು ಹೆಸರು ಬರಲಿ ಎಂದ. ಗೊಮ್ಮಟೇಶ ಏನು ಮಾಡಿದ ಹೇಳು. ಗೋಕಾಕದಿಂದ ಪೇಂಟರನನ್ನು ಕರೆಸಿ ಕಾರಖಾನೆಯ ಬೋರ್ಡಿಗೆ ಹಸಿರು ಬಳಿಸಿದ, ಅದರ ಮೇಲೆ ಒಂದು ದೊಡ್ಡ ಎಲೆ ಬರೆಸಿದ, ಕೆಳಗೆ ‘ಪರಿಸರಸ್ನೇಹಿ ನೂಲು’ ಎಂದು ಬರೆಸಿದ. ಟಾಕಿಯಲ್ಲಿ ಅದೇ ಪುಡಿ, ಕಾಲುವೆಯಲ್ಲಿ ಅದೇ ನೀರು. ಗೋಕಾಕದಲ್ಲಿ ಉದ್ದಿಮೆದಾರರ ಸಭೆಯಾದಾಗ ಇವನಿಗೆ ಶಾಲು ಹೊದಿಸಿ ಕೈಯಲ್ಲಿ ಒಂದು ಸಸಿ ಕೊಟ್ಟರು. ಮನೆಗೆ ಬಂದು ಶಾಲು ನನಗೆ ಹೊದಿಸಿದ, ಸಸಿಯನ್ನು ಕಾಲುವೆಯ ದಂಡೆಗೆ ನೆಟ್ಟ. ಬೋರ್ಡಿನ ಎಲೆ ಇನ್ನೂ ಹೊಳೆಯುತ್ತಿತ್ತು, ಸಸಿ ಮಾತ್ರ ಹದಿನೈದು ದಿನದಲ್ಲಿ ಒಣಗಿತು. ನಾನು ಅವನನ್ನು ಚೇಷ್ಟೆ ಮಾಡಿದೆ, ಅವನೂ ನಕ್ಕ. ಇಬ್ಬರಿಗೂ ಅದರ ಅರ್ಥ ಹತ್ತಲಿಲ್ಲ.

ಆಮೇಲೆ ದಶಲಕ್ಷಣಕ್ಕೆ ನಾನು ಹುಕ್ಕೇರಿಗೆ ಬಂದೆ. ಯಾಕೆ ಬಂದೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ದೀಕ್ಷೆಯಾದಾಗಿನಿಂದ ನಿನ್ನ ಬೊಗಸೆಗೆ ನನ್ನ ಕೈಯಿಂದ ಒಂದು ತುತ್ತೂ ಬಿದ್ದಿಲ್ಲ. ಅದಕ್ಕೆಂದೇ ಬಸದಿಯ ಹತ್ತಿರ ಒಂದು ಕೋಣೆ ಹಿಡಿದು ನಿಮ್ಮ ಆಹಾರಕ್ಕೆಂದೇ ಚೌಕಾ ಹಾಕಿ, ಮಡಿಯಲ್ಲಿ ಅಡುಗೆ ಮಾಡಿ, ದಿನಾ ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತೆ. ನೀವು ಮಾತಾಜಿಯವರು ಮನಸ್ಸಿನಲ್ಲಿ ಏನೋ ಒಂದು ನೇಮ ಹಿಡಿದು ಆಹಾರಕ್ಕೆ ಹೊರಡುತ್ತೀರಿ, ಅದು ಕೂಡಿಬಂದ ಬಾಗಿಲಲ್ಲೇ ನಿಲ್ಲುತ್ತೀರಿ. ಹತ್ತೂ ದಿನ ನಿನಗೆ ಬೇರೆ ಬಾಗಿಲೇ ಕೂಡಿಬಂತು. ಒಂದು ದಿನವಂತೂ ನನ್ನ ಎದುರಿಗೇ ಬಂದೆ, ನನ್ನ ಕೈಯಲ್ಲಿದ್ದ ತೆಂಗಿನಕಾಯಿ ನೋಡಿದೆ, ನವಿಲುಗರಿಯ ಪಿಂಛಿ ಬಗಲಲ್ಲಿಟ್ಟುಕೊಂಡು ಮುಂದೆ ಹೋದೆ. ನಾನು ಒಳಗೆ ಬಂದು ಮಾಡಿದ ಅಡುಗೆಯ ಎದುರು ಕೂತು ಅತ್ತೆ. ಚಿಕ್ಕವಳಿದ್ದಾಗಲೂ ನೀನು ಹೀಗೇ, ನಾನು ತಾಟು ಹಿಡಿದು ಹಿಂದೆ ಓಡಬೇಕು, ನೀನು ಮುಂದೆ ಓಡಬೇಕು.

ಆ ಹತ್ತು ದಿನ ನಾನು ಅಲ್ಲಿಯ ಬಸದಿಯ ಬಾವಿಯಿಂದ ನೀರು ಸೇದುತ್ತಿದ್ದೆ. ಮೊದಲನೇ ದಿನವೇ ಅರಿವೆಯಲ್ಲಿ ಸಣ್ಣ ಸಣ್ಣ ಜೀವಗಳು ಮಿಸುಕಾಡಿದವು. ನನಗೆ ರೂಢಿ ತಪ್ಪಿತ್ತು, ಗಾಬರಿಯಾಯಿತು. ತಂಬಿಗೆಗೆ ತೊಳೆದು ನಿಧಾನ ಇಳಿಬಿಟ್ಟೆ. ಕೊನೆಯ ದಿನ ಮಧ್ಯಾಹ್ನ ನಿನ್ನ ದರ್ಶನಕ್ಕೆ ಕೂತಾಗ, ಹೇಳಲು ಬೇರೇನೂ ತೋಚದೆ ಬಡಾಯಿ ಕೊಚ್ಚಿದೆ. “ನಮ್ಮ ಬಾವಿ ನೀರ ಇಷ್ಟ ಶುದ್ಧ ಆಗೇದರಿ ಮಾತಾಜಿ, ಅರಿವ್ಯಾಗ ಒಂದ ಜೀವಾ ಸಿಗೂದಿಲ್ಲ” ಎಂದೆ. ನೀನು ನನ್ನನ್ನು ಹೊಗಳುತ್ತೀ ಎಂದು ಕಾಯುತ್ತಿದ್ದೆ. ನೀನು, ಊರಿನ ಮಾತು ಬಿಟ್ಟು ನಾಲ್ಕು ವರ್ಷವಾದವಳು, ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದೆ: “ಹಂಗಾದ್ರ ಅಲ್ಲಿದ್ದ ಜೀವ ಎಲ್ಲಿ ಹೋದುವು?”

ಅಷ್ಟೇ. ಮತ್ತೆ ನೀನು ಸಾಮಾಯಿಕದ ಧ್ಯಾನಕ್ಕೆ ಹೊತ್ತಾಯಿತೆಂದು ಎದ್ದೆ. ನಾನು ಬಸ್ಸಿನಲ್ಲಿ ಕೂತು ಘಟಪ್ರಭಾ ದಾಟುವ ತನಕ ಆ ಮಾತಿಗೆ ಉತ್ತರ ಹುಡುಕಿದೆ. ಉತ್ತರ ಸಿಕ್ಕ ಮೇಲೆ ಸಿಗಬಾರದಿತ್ತು ಅನ್ನಿಸಿತು. ಮನೆಗೆ ಬಂದವಳು ಚೀಲ ಇಳಿಸದೆ ಹಿತ್ತಲಿಗೆ ಹೋದೆ. ಬಾವಿಯ ಮೆಟ್ಟಿಲ ಮೇಲಿನ ಪಾಚಿ ಬಿಳಿಚಿ ಸುಲಿದಿತ್ತು. ಮಳೆಗಾಲದಲ್ಲಿ ನಮಗೆ ನಿದ್ದೆ ಕೊಡದಂತೆ ಒದರುತ್ತಿದ್ದ ಕಪ್ಪೆಗಳು ಯಾವಾಗ ಸುಮ್ಮನಾದವು ಎಂದು ನೆನಪು ಮಾಡಿಕೊಂಡೆ. ಗೋಡೆಯ ಸಂದಿನಲ್ಲಿ ಗೂಡು ಕಟ್ಟುತ್ತಿದ್ದ ಪಾರಿವಾಳ ಇರಲಿಲ್ಲ. ಅಷ್ಟು ತಿಳಿಯಾದ ನೀರಿನಲ್ಲಿ ನನ್ನ ಮುಖ ಕಂಡಿತು, ಅದರ ಹೊರತು ಬೇರೆ ಏನೂ ಇರಲಿಲ್ಲ.

ಗೊಮ್ಮಟೇಶ ಮೊದಲು ನಂಬಲಿಲ್ಲ. “ನೀರ ಕನ್ನಡಿಹಂಗ ಐತಿ, ಇನ್ನ ಏನ ಬೇಕಬೇ ನಿನಗ?” ಎಂದ. ಖಾತ್ರಿ ಬೇಕಿದ್ದರೆ ಹೊಳೆಯಿಂದ ನಾಲ್ಕು ಮೀನು ತಂದು ಬಿಟ್ಟು ನೋಡೋಣ, ಬದುಕಿದರೆ ನೀರು ಸರಿ ಎಂದ. ಅದಕ್ಕೆ ನಾನು ಒಪ್ಪಲಿಲ್ಲ. ಸಂಶಯ ತೀರಿಸಿಕೊಳ್ಳಲು ಒಂದು ಜೀವವನ್ನು ಸಾವಿನ ಬಾಯಿಗೆ ಇಳಿಸುವ ಮನೆ ನಮ್ಮದಲ್ಲ ಎಂದೆ. ಅವನಿಗೆ ಸಿಟ್ಟು ಬಂತು. “ನಾ ಕಾರಖಾನಿ ನಡಸ್ಲೋ, ಹುಳಾ ಸಾಕ್ಲೋ?” ಎಂದು ಕೂಗಿ ಹೊರಗೆ ಹೋದ. ನಾನು ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಕೊಡ ಹಿಡಿದು ಬಂದ ಹೆಂಗಸರಿಗೆಲ್ಲ, ಈ ನೀರು ಶುದ್ಧವಲ್ಲ, ಸತ್ತದ್ದು, ನಿಮ್ಮ ನಿಮ್ಮ ಬಾವಿಗೆ ಹೋಗಿರಿ ಎಂದು ಹೇಳಿ ಕಳಿಸಿದೆ. ಹೊಗಳಿಸಿಕೊಂಡ ಬಾಯಿಂದಲೇ ಅದನ್ನು ಹೇಳುವಾಗ ನಾಚಿಕೆಯಾಯಿತು. ನಾವು ಕುಡಿಯಲು ನೆರೆಯ ಹೊಳೆಪ್ಪನ ತೋಟದ ಬಾವಿಯಿಂದ ತರಿಸಿದೆ. ಆದರೆ ಬೆಳಿಗ್ಗೆ ನಮ್ಮ ಬಾವಿಯ ನೀರನ್ನೂ ಒಂದು ಕೊಡ ಸೇದಿ, ಸೋಸಿ, ಅರಿವೆ ಬಿಡಿಸಿ ಅವನೆದುರು ಹಿಡಿದು, ಖಾಲಿ ತಂಬಿಗೆಯನ್ನೇ ನಿಧಾನ ಇಳಿಸಿ ಬರುತ್ತಿದ್ದೆ. ಅವನು ಮುಖ ತಿರುಗಿಸುತ್ತಿದ್ದ.

ಅಷ್ಟರಲ್ಲಿ ಬಸದಿಯಲ್ಲಿ ಸುದ್ದಿ ಬಂತು, ದೀಪಾವಳಿ ಮುಗಿದ ಮೇಲೆ ನಿಮ್ಮ ಸಂಘ ಹುಕ್ಕೇರಿಯಿಂದ ಹೊರಟು ಕಲ್ಲೋಳಿಯ ಮೇಲೆ ಹಾಯ್ದು ಮೂಡಲಗಿಗೆ ನಡೆಯುತ್ತದೆ ಎಂದು. ಗೊಮ್ಮಟೇಶ ಕಾರಖಾನೆಯಿಂದ ಓಡಿಬಂದ. ಸಿಟ್ಟೆಲ್ಲ ಇಳಿದಿತ್ತು. ಮನೆಗೆ ಸುಣ್ಣ ಹೊಡೆಸಬೇಕು, ಅಡುಗೆ ಮನೆಯ ನೆಲ ಹೊಸದಾಗಿ ಮಾಡಿಸಬೇಕು, ಅಕ್ಕನಿಗೆ ಸೇರುತ್ತಿದ್ದ ಹೆಸರುಬೇಳೆ ಪಾಯಸ ಮಾಡು ಎಂದೆಲ್ಲ ಹೇಳಿದ. “ನೀರಿನ ಚಿಂತಿ ಬಿಡವ್ವಾ, ಹೊಳೆಪ್ಪಕಾಕಾನ ಬಾವಿದು ತರೂಣು, ಅಡಗಿ ಅದರಾಗ ಮಾಡು” ಎಂದ. ಶಾಸ್ತ್ರ ನೋಡಿದರೆ ಅದರಲ್ಲಿ ತಪ್ಪಿಲ್ಲ. ಬಾವಿಯ ನೀರೇ, ಸೋಸಿದ್ದೇ, ಜೀವಗಳನ್ನು ಮರಳಿಸಿ ಬಂದದ್ದೇ. ನನ್ನ ಜೀವವೂ ಹೂಂ ಅನ್ನು ಹೂಂ ಅನ್ನು ಎಂದಿತು. ನಾಲ್ಕು ವರ್ಷದ ಹಸಿವು ನನ್ನದು, ನಿನ್ನದಲ್ಲ.

ಆದರೆ ಬಾಗಿಲಲ್ಲಿ ನಿಂತು ನಿನ್ನನ್ನು ಕರೆಯುವಾಗ ನಾನು ಹೇಳಬೇಕಾದ ಮಾತು ಒಂದಿದೆಯಲ್ಲ. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಹೊಳೆಪ್ಪನ ಬಾವಿಯ ನೀರು ಶುದ್ಧವೇ ಇರುತ್ತದೆ. ಬೇಳೆ, ಅಕ್ಕಿ, ತುಪ್ಪ ಯಾವುದರಿಂದ ಬಂದದ್ದು? ಹಿತ್ತಲ ಬಾವಿಯನ್ನು ಸಾಯಿಸಿದ ಗಳಿಕೆಯಿಂದ ಬಂದದ್ದು. ಮುಂದಿನ ಬಾಗಿಲಲ್ಲಿ ಶುದ್ಧ ಎಂದು ಹೇಳುತ್ತ ಹಿಂದಿನ ಬಾಗಿಲು ಮುಚ್ಚಿಡುವುದೇ? ಬೋರ್ಡಿನ ಮೇಲೆ ಎಲೆ ಬರೆಸಿದ್ದಕ್ಕೂ ಇದಕ್ಕೂ ಏನು ಫರಕು? ಗೊಮ್ಮಟೇಶನಿಗೆ ಇಷ್ಟೇ ಹೇಳಿದೆ. “ಆ ಮಾತ ನನ್ನ ಬಾಯಿಂದ ಹೊರಡೂದಿಲ್ಲಪಾ. ಚೌಕಾ ಹಾಕೂದಿಲ್ಲ. ಅಕಿ ನಮ್ಮ ಮನಿ ಮುಂದ ಹಾದು ಹೋಗ್ಲಿ.” ಆ ದಿನ ಇಬ್ಬರೂ ಉಣ್ಣಲಿಲ್ಲ. ಮಗನ ಮುಖ ಬಾಡಿತ್ತು, ಆದರೂ ನಾನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಎಷ್ಟು ಹಟದವಳು ಎಂಬುದು ನಿನಗೆ ಗೊತ್ತು, ನಿನ್ನಲ್ಲಿ ಅರ್ಧ ನನ್ನದೇ ಹಟ.

ಮರುದಿನ ಬೆಳಿಗ್ಗೆ ಟಾಕಿಗಳ ಕಡೆಯಿಂದ ಕೆಲಸದ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಗೊಮ್ಮಟೇಶ ಏಣಿ ಹಾಕಿಕೊಂಡು ಬೋರ್ಡಿನ ಮೇಲಿನ ಎಲೆಯನ್ನು ಚೂರಿಯಿಂದ ಕೆರೆಯುತ್ತಿದ್ದ. ಕೆಳಗೆ ಕೆಲಸದವರು ನಿಂತಿದ್ದರು. ನೂಲು ಜಾಲಿಸುವ ಅಲ್ಲವ್ವ ನನ್ನನ್ನು ಕಂಡವಳೇ, “ನಿಮ್ಮ ಬಾವ್ಯಾಗಿನ ಹುಳಾ ಬದುಕ್ಲಿರಿ ಅವ್ವಾರ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಮ್ಮ ಹೊಟ್ಟಿ ಹೆಂಗರಿ?” ಎಂದಳು. ಅವಳ ಕೈ ನೋಡಿದೆ, ಆ ನೀರಿನಲ್ಲಿ ವರ್ಷಗಟ್ಟಲೆ ಆಡಿ ಬೆರಳ ತುದಿಯ ಚರ್ಮವೇ ಹೋಗಿತ್ತು. ದಿನಾ ನಮ್ಮ ಹಿತ್ತಲಲ್ಲೇ ಓಡಾಡುವ ಹೆಂಗಸು, ಅವಳ ಕೈಯನ್ನು ನಾನು ಅಂದೇ ನೋಡಿದ್ದು. ನೀನು ಆ ಪ್ರಶ್ನೆಯನ್ನು ಬಾವಿಯ ಜೀವಗಳಿಗಾಗಿ ಕೇಳಿದ್ದೆ, ಅದು ಇಲ್ಲಿಯ ತನಕ ಬಂದು ಮುಟ್ಟಿತು.

ಮುಂದಿನದು ಸುಲಭವಾಗಲಿಲ್ಲ. ಪುಡಿಯ ಬದಲು ಬೇರೊಂದು ಔಷಧ ಇದೆಯಂತೆ, ಪೆರಾಕ್ಸೈಡ್ ಎನ್ನುತ್ತಾರೆ, ಕೆಲಸ ಮುಗಿದ ಮೇಲೆ ಅದು ಬರೀ ನೀರಾಗಿ ಹೋಗುತ್ತದೆ, ಆದರೆ ತುಟ್ಟಿ. ಇಚಲಕರಂಜಿಯ ವ್ಯಾಪಾರಿ ಅದಕ್ಕೆ ತಕ್ಕ ದರ ಕೊಡಲು ಒಪ್ಪಲಿಲ್ಲ. ಎಲೆಯ ಚಿತ್ರ ಸಾಕಿತ್ತಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳಿ ಬೇರೆ ಕಡೆ ಹೋದ. ಈಗ ಗೊಮ್ಮಟೇಶ ಬಿಳುಪು ಮಾಡದ ಕೋರಾ ನೂಲನ್ನೇ ಲಡಿ ಸುತ್ತಿಸಿ ಸುತ್ತಲಿನ ನೇಕಾರರಿಗೆ ಮಾರುತ್ತಾನೆ, ಬಿಳಿ ಬೇಕೆಂದವರಿಗೆ ಆ ತುಟ್ಟಿ ಔಷಧದಲ್ಲಿ ಸ್ವಲ್ಪ ಸ್ವಲ್ಪ ಮಾಡಿಕೊಡುತ್ತಾನೆ. ಅದೂ ಬಾವಿಯಿಂದ ದೂರ, ಹೊಸ ಕಟ್ಟೆಯಲ್ಲಿ. ಸಾತಪ್ಪನಂಥ ಗಟ್ಟಿ ಆಳು ಪಗಾರ ಸಾಲದೆಂದು ಸಕ್ಕರೆ ಕಾರಖಾನೆಗೆ ಹೋದ. ಅಲ್ಲವ್ವ ಮತ್ತು ಉಳಿದವರು ಇದ್ದಾರೆ, ಲಡಿ ಸುತ್ತುತ್ತಾರೆ. ವ್ಯಾಪಾರ ಅರ್ಧಕ್ಕೆ ಇಳಿದಿದೆ. ಮಗ ಬಡವಾಗಿದ್ದಾನೆ ಎಂದೆನಲ್ಲ, ಅದು ಇದಕ್ಕೆ.

ಬಾವಿ ಉಪಸಿದೆವು, ತಳದ ತನಕ ಖಾಲಿ ಮಾಡಿದೆವು. ನಮ್ಮಲ್ಲಿ ಬಾವಿ ಉಪಸುವುದೆಂದರೆ ಎಷ್ಟು ಅಂಜುತ್ತೇವೆ ನಿನಗೆ ಗೊತ್ತು. ಎಷ್ಟು ಜೀವಕ್ಕೆ ಹಿಂಸೆಯಾಗುತ್ತದೋ ಎಂದು ನನ್ನ ಅತ್ತೆ ಅದಕ್ಕೆ ಮುಂಚೆ ಉಪವಾಸ ಮಾಡುತ್ತಿದ್ದರು. ಈ ಸಲ ಅಂಜಿಕೆಯೇ ಇರಲಿಲ್ಲ, ಸಾಯಲು ಒಳಗೆ ಯಾವುದೂ ಇರಲಿಲ್ಲ. ಅದನ್ನು ನೆನೆದು ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ತಳದಿಂದ ಬಿಳಿ ರಾಡಿ ಬಂತು. ಗೊಮ್ಮಟೇಶ ಅದನ್ನು ಗಾಡಿಯಲ್ಲಿ ತುಂಬಿ ಊರ ಹೊರಗೆ ಚೆಲ್ಲಲು ಹೊರಟಾಗ ನಾನು ಎತ್ತಿನ ಮುಂದೆ ನಿಂತೆ. “ಹೊರಗ ಅಂದ್ರ ಯಾರ ಬಾವಿ ಬಾಜೂಕ?” ಎಂದು ಕೇಳಿದೆ. ಅವನು ಹಣೆ ಬಡಿದುಕೊಂಡ, ಆಮೇಲೆ ನಗು ಬಂತು ಅವನಿಗೆ. “ನೀ ಮತ್ತ ಅಕ್ಕ ಕೂಡಿ ನನ್ನ ಸನ್ಯಾಸಿ ಮಾಡಾವ್ರು” ಎಂದ. ನಮ್ಮ ಜಾಗದಲ್ಲೇ ಸಿಮೆಂಟಿನ ಹೊಂಡ ಮಾಡಿಸಿ ಅದರಲ್ಲಿ ಹಾಕಿ ಮುಚ್ಚಿಸಿದ. ಹಳೆಯ ಕಾಲುವೆ ಮಣ್ಣು ತುಂಬಿ ಹೋಯಿತು.

ಹಿಂಗಾರಿ ಮಳೆ ಚೆನ್ನಾಗಿ ಬಿತ್ತು. ಬಾವಿಯಲ್ಲಿ ಹೊಸ ನೀರು ಬಂದಿದೆ, ಸ್ವಲ್ಪ ಕದಡಿದ ನೀರು, ಅದನ್ನು ಕಂಡು ನಮಗೆ ಹಿಗ್ಗು. ಒಂದು ಹಿಡಿ ತೊಗರಿಬೇಳೆ ಅದರಲ್ಲಿ ಇಟ್ಟು ನೋಡಿದೆ, ಬೆಂದಿತು. ಆದರೆ ಅರಿವೆಯಲ್ಲಿ ಇನ್ನೂ ಏನೂ ಬಂದಿಲ್ಲ. ನಾವಾಗಿಯೇ ತಂದು ಬಿಡುವಂತಿಲ್ಲ, ಅವು ತಾವಾಗಿ ಬರಬೇಕು. ಈಗ ಗೊಮ್ಮಟೇಶ ನನಗಿಂತ ಮೊದಲು ಎದ್ದು ನೀರು ಸೇದುತ್ತಾನೆ. ನಾನು ಸೋಸಿ ಅರಿವೆ ಬಿಡಿಸಿದ ಕೂಡಲೆ ಚಷ್ಮಾ ಏರಿಸಿಕೊಂಡು ಬಗ್ಗಿ ನೋಡುತ್ತಾನೆ. ಕಸದ ಎಳೆ ಕಂಡರೂ “ಅವ್ವಾ, ಇದು ಮಿಸಕಾಡ್ತು ನೋಡ” ಎನ್ನುತ್ತಾನೆ. ಮಿಸುಕಾಡಿರುವುದಿಲ್ಲ. ಆಮೇಲೆ ಹಗ್ಗ ಹಿಡಿದು ತಂಬಿಗೆ ಇಳಿಸುತ್ತಾನೆ, ಎಷ್ಟು ನಿಧಾನ ಇಳಿಸುತ್ತಾನೆಂದರೆ ನನಗೇ ಬೇಸರ ಬರುತ್ತದೆ. ಅಕ್ಕನಿಗೆ ಒಂದು ಕಾಗದ ಬರೆಯೋ ಎಂದರೆ, ಏನು ಬರೆಯಲಿ, ಅರಿವೆಯಲ್ಲಿ ಏನಾದರೂ ಸಿಕ್ಕ ದಿನ ಬರೆಯುತ್ತೇನೆ ಎನ್ನುತ್ತಾನೆ. ಮೊನ್ನೆ ಸಂಜೆ ಒಂದು ಕಪ್ಪೆ ಒದರಿತು. ಅವನು ನಮ್ಮ ಬಾವಿಯಲ್ಲಿ ಎನ್ನುತ್ತಾನೆ, ನನಗೆ ಹೊಳೆಪ್ಪನ ಗದ್ದೆಯ ಕಡೆಯಿಂದ ಕೇಳಿದ ಹಾಗಾಯಿತು. ಅದಕ್ಕೂ ನಮ್ಮಿಬ್ಬರಲ್ಲಿ ವಾದ ನಡೆದಿದೆ.

ನಿನ್ನ ನೆನಪು ಬರದ ದಿನವಿಲ್ಲ ಎಂದು ಬರೆದರೆ ನಿನ್ನ ವ್ರತಕ್ಕೆ ಭಾರವಾಗುತ್ತದೆಯೋ ಏನೋ. ಬರೆದಾಯಿತು, ಶುಭಾಂಗಿಗೆ ಬೇಕೆನಿಸಿದರೆ ಈ ಸಾಲು ಬಿಟ್ಟು ಓದಲಿ. ಮಕ್ಕಳಿಗೆ ಆಶೀರ್ವಾದ ಬರೆದು ಕಾಗದ ಮುಗಿಸುವುದು ತಾಯಂದಿರ ರೂಢಿ. ನನ್ನ ಪಾಲಿಗೆ ಅದೂ ತಿರುವುಮುರುವಾಗಿದೆ. ನೀನೇ ಅಲ್ಲಿಂದ ಕೈಯೆತ್ತಿ ಸದ್ಧರ್ಮವೃದ್ಧಿಯಾಗಲಿ ಎನ್ನು, ನನಗೂ, ನಿನ್ನ ತಮ್ಮನಿಗೂ, ಬರಲಿರುವ ಕೂಸಿಗೂ, ಅಲ್ಲವ್ವನ ಕೈಗೂ, ನಮ್ಮ ಬಾವಿಗೂ.

ಚರಣಕ್ಕೆ ಶಿರಬಾಗಿ,
ಹಿಂದೊಮ್ಮೆ ನಿನ್ನ ತಾಯಿಯಾಗಿದ್ದ,
ಈಗಲೂ ಆಗಿರುವ
ಕಮಲವ್ವ

ತಾ.ಕ.: ಟಪಾಲಿನವನು ಸೈಕಲ್ ನಿಲ್ಲಿಸಿಕೊಂಡು ಅವಸರ ಮಾಡುತ್ತಿದ್ದಾನೆ, ಮುಖ್ಯ ಮಾತು ಉಳಿದೇ ಹೋಯಿತು. ನಿನ್ನ ಮನಸ್ಸಿನ ನೇಮ ಏನು ಎಂದು ಕೇಳುವ ಹಕ್ಕು ನನಗಿಲ್ಲ, ನನ್ನದನ್ನು ಹೇಳುತ್ತೇನೆ. ನೀವು ಕಲ್ಲೋಳಿಗೆ ಬರುವ ದಿನ ಬೆಳಿಗ್ಗೆ ಅರಿವೆಯಲ್ಲಿ ಒಂದೇ ಒಂದು ಜೀವ ಸಿಕ್ಕರೂ ನಾನು ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತೇನೆ. ಸಿಗದಿದ್ದರೆ ಬರಿಗೈಯಲ್ಲಿ ನಿಂತಿರುತ್ತೇನೆ, ಬಾ ಎನ್ನುವುದಿಲ್ಲ. ಆಗ ನನ್ನ ಮುಖ ನೋಡಿ ನಿಲ್ಲಬೇಡ, ಮುಂದಿನ ಬಾಗಿಲಿಗೆ ಹೋಗು. ನಮ್ಮ ಮನೆಯ ಮುಂದೆ ಮಾತ್ರ ಸ್ವಲ್ಪ ನಿಧಾನ ನಡೆ.